ಆಷಾಢದ ಗಾಳಿ ಮತ್ತು ಬೋಳು ಹೊಲ: ಗಾಳಿ ಸವಕಳಿಯ ಅಪಾಯವನ್ನು ಅಳೆದು ನಕ್ಷೆ ಬರೆಯುವ ಬಗೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಿಂದ ಬಳ್ಳಾರಿಯವರೆಗೆ, ವೇದಾವತಿಯು ಹಗರಿ ಎಂದು ಕರೆಸಿಕೊಂಡು ಹರಿಯುವ ದಂಡೆಗಳ ಉದ್ದಕ್ಕೂ ಹಬ್ಬಿರುವ ಮಸಾರಿ (ಮರಳು ಬೆರೆತ ಕೆಂಪು ಮಣ್ಣಿನ) ಹೊಲಗಳಿಗೆ ಮುಂಗಾರಿನಲ್ಲಿ ಮಳೆಗಿಂತ ಮೊದಲು ಗಾಳಿ ಬರುತ್ತದೆ. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ಈ ಸೀಮೆಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣದ ಗಾಳಿ ಬಿಡದೆ ಬೀಸುತ್ತದೆ. ಆದರೆ ವರ್ಷದ ಮಳೆಯಲ್ಲಿ ಹೆಚ್ಚಿನ ಪಾಲು ಬೀಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ಬಿತ್ತನೆಗೆಂದು ಹರಗಿ, ಹಸನು ಮಾಡಿ, ಒಂದು ಹದ ಮಳೆಗಾಗಿ ಕಾಯುತ್ತಿರುವ ಹೊಲವೇ ಆ ಗಾಳಿಗೆ ಮೈಯೊಡ್ಡಿರುತ್ತದೆ. ಮೇಲ್ಮಣ್ಣಿನ ನವಿರಾದ ಭಾಗ, ಅದರೊಂದಿಗೆ ಸಾವಯವ ಅಂಶ ಮತ್ತು ಗೊಬ್ಬರದ ಸಾರ ಹೊಲವನ್ನು ಬಿಟ್ಟು ಹೋಗುವುದು ಈ ಕೆಲವು ವಾರಗಳಲ್ಲಿ.

ಆದ್ದರಿಂದ ಈ ಬರಹ ಒಂದು ಮಾತನ್ನು ಮೊದಲಿಗೇ ಸ್ಪಷ್ಟಪಡಿಸುತ್ತದೆ: ಗಾಳಿ ಸವಕಳಿಯ ಅಪಾಯದ ನಕ್ಷೆ ಜಾಗದ ನಕ್ಷೆಯಷ್ಟೇ ಆದರೆ ಸಾಲದು, ಅದು ಕಾಲದ ನಕ್ಷೆಯೂ ಆಗಬೇಕು. ಯಾವ ಹೊಲ ಎಂಬ ಪ್ರಶ್ನೆಯ ಜೊತೆಗೆ ಯಾವ ಹದಿನೈದು ದಿನ ಎಂಬ ಪ್ರಶ್ನೆಗೂ ಉತ್ತರ ಕೊಡದ ನಕ್ಷೆಯಿಂದ ರೈತನಿಗೆ ಪ್ರಯೋಜನ ಕಡಿಮೆ. ಗ್ರಾಮ ಪಂಚಾಯಿತಿ, ಜಲಾನಯನ ಸಮಿತಿ, ರೈತ ಉತ್ಪಾದಕರ ಕಂಪನಿ ಅಥವಾ ಕೃಷಿ ವಿದ್ಯಾರ್ಥಿಗಳ ತಂಡವೊಂದು ಒಂದು ಊರಿನ ಮಟ್ಟದಲ್ಲಿ ಮಾಡಬಹುದಾದ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ವಿಧಾನವನ್ನು ವಿವರಿಸಲಾಗಿದೆ.

ಅಳತೆ ಮತ್ತು ಆಧಾರ ನಕ್ಷೆ

ಇಸ್ರೊ ಸಂಸ್ಥೆಯ ಬಾಹ್ಯಾಕಾಶ ಅನ್ವಯಿಕ ಕೇಂದ್ರವು 2016ರಲ್ಲಿ ಪ್ರಕಟಿಸಿದ ಮರುಭೂಮೀಕರಣ ಮತ್ತು ಭೂ ಅವನತಿಯ ಅಟ್ಲಾಸ್ ದೇಶದ ಒಟ್ಟು ಚಿತ್ರವನ್ನು ಚೆನ್ನಾಗಿ ತೋರಿಸುತ್ತದೆ. ಅದರ ಪ್ರಕಾರ ಗಾಳಿ ಸವಕಳಿಯ ಮುಖ್ಯ ನೆಲೆ ರಾಜಸ್ಥಾನ. ಕರ್ನಾಟಕದಲ್ಲಿ ನೀರಿನಿಂದಾಗುವ ಸವಕಳಿಯೇ ಪ್ರಧಾನ. ಆದರೆ 1:5,00,000 ಪ್ರಮಾಣದ ಆ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಐದು ಕಿಲೋಮೀಟರ್. ನಾಲ್ಕಾರು ಎಕರೆಯ ಹಿಡುವಳಿಗಳಲ್ಲಿ ನಡೆಯುವುದು ಅಲ್ಲಿ ಕಾಣುವುದಿಲ್ಲ. ರಾಜ್ಯಮಟ್ಟದ ನಕ್ಷೆಯಲ್ಲಿ ಬಣ್ಣ ಬಿದ್ದಿಲ್ಲವೆಂಬ ಕಾರಣಕ್ಕೆ ನಮ್ಮ ಊರಿನಲ್ಲಿ ಸಮಸ್ಯೆಯೇ ಇಲ್ಲವೆಂದು ತೀರ್ಮಾನಿಸುವುದು ತಪ್ಪು.

ಊರಿನ ಮಟ್ಟದ ಕೆಲಸಕ್ಕೆ ಸರ್ವೆ ನಂಬರಿನ ಗಡಿಗಳಿರುವ ಗ್ರಾಮ ನಕ್ಷೆಯೇ ಸರಿಯಾದ ಆಧಾರ. ನೆಲದ ಮೇಲೆ ನಿಂತು ಯಾವ ಸರ್ವೆ ನಂಬರಿನಲ್ಲಿದ್ದೇವೆ ಎಂದು ತಿಳಿಯಲು ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ನೆರವಾಗುತ್ತದೆ. ರಾಜ್ಯದ ಜಲಾನಯನ ಅಭಿವೃದ್ಧಿಯ ಸುಜಲಾ ಯೋಜನೆಯಡಿ ಭೂ ಸಂಪನ್ಮೂಲ ಸಮೀಕ್ಷೆ ನಡೆದ ಕಿರು ಜಲಾನಯನಗಳಿಗೆ 1:7,920 ಪ್ರಮಾಣದ ಮಣ್ಣಿನ ನಕ್ಷೆಗಳಿವೆ. ನಿಮ್ಮ ಊರು ಅದರಲ್ಲಿ ಸೇರಿದ್ದರೆ ಅರ್ಧ ಕೆಲಸ ಮುಗಿದಂತೆಯೇ. ನಕ್ಷೆ ಜೋಡಿಸಲು ಉಚಿತವಾಗಿ ಸಿಗುವ ಕ್ಯೂಜಿಐಎಸ್ ತಂತ್ರಾಂಶ ಸಾಕು.

ಮೊದಲು ಹೊಲ ಸುತ್ತಿ ನೋಡುವುದು

ಯಾವ ಲೆಕ್ಕವನ್ನೂ ಮಾಡುವ ಮುನ್ನ ಜುಲೈ ತಿಂಗಳಲ್ಲಿ, ಗಾಳಿ ಜೋರಾಗಿರುವ ದಿನಗಳಲ್ಲೇ, ಊರಿನ ಹೊಲಗಳನ್ನು ಪಡುವಣದಿಂದ ಮೂಡಣಕ್ಕೆ ನಡೆದು ನೋಡಬೇಕು. ಗಾಳಿ ತಾನು ಮಾಡಿದ್ದನ್ನು ಹೊಲದ ಮೂಡಣದ ಅಂಚಿನಲ್ಲಿ ಬಿಟ್ಟಿರುತ್ತದೆ. ಕತ್ತಾಳೆಯ ಬೇಲಿಯಿದ್ದರೆ ಅದರ ಬುಡದಲ್ಲಿ, ಎಲೆಗಳ ಸಂದಿಯಲ್ಲಿ, ಬದುವಿನ ಹುಲ್ಲಿನ ನಡುವೆ ಮರಳು ಗುಡ್ಡೆಗಟ್ಟಿರುತ್ತದೆ. ಅದನ್ನು ಒಂದು ಹಿಡಿ ಎತ್ತಿ ಬೆರಳುಗಳ ನಡುವೆ ಉಜ್ಜಿದರೆ ಒಂದೇ ಗಾತ್ರದ, ಜಿಗುಟೇ ಇಲ್ಲದ ಕಣಗಳು ಸಿಗುತ್ತವೆ. ಇದು ಕುಪ್ಪಳಿಸುತ್ತಾ ಬಂದು ಬೇಲಿಗೆ ತಡೆದ ಭಾಗ ಮಾತ್ರ. ಸಾರವತ್ತಾದ ನವಿರು ಧೂಳು ಬೇಲಿಯನ್ನು ದಾಟಿ ಯಾವಾಗಲೋ ಹೋಗಿರುತ್ತದೆ. ಅದೇ ಹೊಲದ ಪಡುವಣದ ಅಂಚಿಗೆ ಹೋದರೆ ಸಣ್ಣ ಬೆಣಚು ಕಲ್ಲುಗಳು ಮೇಲೆದ್ದು ನೆಲ ಜಲ್ಲಿ ಹಾಸಿದಂತೆ ಕಾಣಬಹುದು. ಮೊಳಕೆಯೊಡೆದ ಶೇಂಗಾ ಸಸಿಗಳಲ್ಲಿ ಗಾಳಿಗೆ ಎದುರಾದ ಬದಿಯ ಎಲೆಗಳು ಮಾತ್ರ ಕಂದಿ, ಅಂಚು ಹರಿದು, ಸಣ್ಣ ಸಣ್ಣ ಗಾಯಗಳಾಗಿರುತ್ತವೆ. ರೋಗವಾದರೆ ಹೀಗೆ ಒಂದೇ ದಿಕ್ಕಿಗೆ ಬರುವುದಿಲ್ಲ.

ಕಂಡ ಪ್ರತಿಯೊಂದು ಗುರುತಿಗೂ ಮೊಬೈಲಿನಲ್ಲಿ ಸ್ಥಳಾಂಕ ದಾಖಲಿಸಿ, ಮರಳು ಶೇಖರಣೆಯ ಎತ್ತರ ಮತ್ತು ಅಗಲವನ್ನು ಟೇಪಿನಿಂದ ಅಳೆದು ಬರೆದುಕೊಳ್ಳಿ. ಹತ್ತಿರದಲ್ಲಿ ಅಮೃತ್ ಮಹಲ್ ಕಾವಲಿನ ಹುಲ್ಲುಗಾವಲು ಉಳಿದಿದ್ದರೆ ಅದೇ ಬಗೆಯ ಮಣ್ಣಿನ ಉಳದ ನೆಲವನ್ನೂ ನೋಡಿ ಬರಬೇಕು. ಕಾವಲಿನ ಮೇಲ್ಪದರಕ್ಕೂ ಪಕ್ಕದ ಹೊಲದ ಮೇಲ್ಪದರಕ್ಕೂ ಇರುವ ವ್ಯತ್ಯಾಸ ಆ ಹೊಲ ಕಳೆದುಕೊಂಡಿರುವುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಇಂತಹ ಹುಲ್ಲುಗಾವಲುಗಳನ್ನು ಬರಡು ಭೂಮಿ ಎಂದು ಕರೆಯುವ ವಾಡಿಕೆ ನಿಲ್ಲಬೇಕು. ಈ ಸೀಮೆಯಲ್ಲಿ ಮಣ್ಣು ಹಾರದೆ ನಿಂತಿರುವ ನೆಲ ಅವೇ.

ಮಣ್ಣಿನ ಪರೀಕ್ಷೆ: ಜರಡಿ ಹೇಳುವುದು, ಸೂತ್ರ ಹೇಳುವುದು

ಗಾಳಿಗೆ ಸಿಕ್ಕ ಮಣ್ಣಿನ ಕಣಗಳು ಮೂರು ಬಗೆಯಲ್ಲಿ ಚಲಿಸುತ್ತವೆ. ಸುಮಾರು 0.1 ಮಿ.ಮೀ.ಗಿಂತ ಸಣ್ಣ ಕಣಗಳು ಧೂಳಾಗಿ ಮೇಲೇರಿ ದೂರ ಹೋಗುತ್ತವೆ, 0.1ರಿಂದ 0.5 ಮಿ.ಮೀ. ಗಾತ್ರದವು ನೆಲಕ್ಕೆ ಬಡಿದು ಬಡಿದು ಕುಪ್ಪಳಿಸುತ್ತಾ ಸಾಗುತ್ತವೆ. ಅದಕ್ಕಿಂತ ದಪ್ಪನೆಯವು ಉರುಳುತ್ತವೆ. ಚಲಿಸುವ ಮಣ್ಣಿನ ಅರ್ಧಕ್ಕಿಂತ ಹೆಚ್ಚು ಭಾಗ ಸಾಮಾನ್ಯವಾಗಿ ಕುಪ್ಪಳಿಸುವ ಕಣಗಳದ್ದು, ಮತ್ತು ಅವುಗಳ ಹೊಡೆತದಿಂದಲೇ ಧೂಳು ಏಳುತ್ತದೆ. 0.84 ಮಿ.ಮೀ.ಗಿಂತ ದಪ್ಪನಾದ ಹೆಂಟೆಗಳನ್ನು ಸಾಮಾನ್ಯ ಗಾಳಿ ಎತ್ತಲಾರದು. ಗಾಳಿ ಸವಕಳಿಯ ಅಧ್ಯಯನದಲ್ಲಿ ಈ ಅಂಕಿಯನ್ನು ನೆಲೆಗೊಳಿಸಿದವರು ಅಮೆರಿಕದ ಕಾನ್ಸಾಸ್‌ನಲ್ಲಿ ಕೆಲಸ ಮಾಡಿದ ವಿಜ್ಞಾನಿ ಡಬ್ಲ್ಯು.ಎಸ್. ಚೆಪಿಲ್. ನಮ್ಮಲ್ಲಿ ಸಿಗುವ 850 ಮೈಕ್ರಾನ್ ಜರಡಿ ಇದಕ್ಕೆ ತೀರಾ ಹತ್ತಿರದ್ದು.

ಮಣ್ಣು ಪೂರ್ತಿ ಒಣಗಿರುವಾಗ, ಮೇಲಿನ ಎರಡೂವರೆ ಸೆಂಟಿಮೀಟರ್ ಪದರವನ್ನು ಮಾತ್ರ, ಹೆಂಟೆಗಳು ಒಡೆಯದಂತೆ ಚಪ್ಪಟೆ ಸಲಿಕೆಯಿಂದ ಎತ್ತಬೇಕು. ಸಾಮಾನ್ಯ ಮಣ್ಣು ಪರೀಕ್ಷೆಗೆ ಮಾಡುವಂತೆ ಗುಂಡಿ ತೋಡಿ 15 ಸೆಂಟಿಮೀಟರ್ ಆಳದ ಮಣ್ಣನ್ನು ಕಲೆಸಿದರೆ ಈ ಪರೀಕ್ಷೆ ಕೆಡುತ್ತದೆ, ಏಕೆಂದರೆ ಗಾಳಿಗೆ ಸಿಗುವುದು ಮೇಲಿನ ಪದರ ಮಾತ್ರ. ಮಾದರಿಯನ್ನು ತಟ್ಟೆಯಲ್ಲಿ ಸಾಗಿಸಿ, ನೆರಳಲ್ಲಿ ಒಣಗಿಸಿ, ತೂಕ ಮಾಡಿ, ಜರಡಿಯನ್ನು ನಿಧಾನವಾಗಿ ಆಡಿಸಿ, ಕೆಳಗೆ ಬಿದ್ದ ಭಾಗವನ್ನು ಮತ್ತೆ ತೂಗಬೇಕು. ಒಟ್ಟು ತೂಕದಲ್ಲಿ ಅದರ ಶೇಕಡಾ ಪಾಲೇ ಹಾರಬಲ್ಲ ಅಂಶ. ಮೇಲೆ ಉಳಿದ ಹೆಂಟೆಗಳ ಪಾಲು ಶೇ. 60 ಮೀರಿದರೆ ಆ ಹೊಲ ಸದ್ಯಕ್ಕೆ ಬಹುಮಟ್ಟಿಗೆ ಸುರಕ್ಷಿತ.

ಎಲ್ಲ ಹೊಲಗಳಿಂದಲೂ ಮಾದರಿ ತರಲಾಗದಿದ್ದರೆ ಪ್ರಯೋಗಾಲಯದ ಅಂಕಿಗಳಿಂದ ಅಂದಾಜು ಮಾಡುವ ಸೂತ್ರವೊಂದಿದೆ. ಫ್ರೈರಿಯರ್ ಮತ್ತು ಸಂಗಡಿಗರು 1994ರಲ್ಲಿ ಕೊಟ್ಟ ಈ ಸೂತ್ರದಂತೆ 29.09ಕ್ಕೆ ಮರಳಿನ ಶೇಕಡಾ ಪ್ರಮಾಣದ 0.31 ಪಟ್ಟು, ಗೋಡಿನ (ಮರಳಿಗಿಂತ ನವಿರಾದ, ಜೇಡಿಗಿಂತ ದಪ್ಪನೆಯ ಕಣಗಳ) 0.17 ಪಟ್ಟು, ಹಾಗೂ ಮರಳನ್ನು ಜೇಡಿಯಿಂದ ಭಾಗಿಸಿ ಬಂದದ್ದರ 0.33 ಪಟ್ಟು ಸೇರಿಸಬೇಕು. ಅದರಿಂದ ಸಾವಯವ ಪದಾರ್ಥದ 2.59 ಪಟ್ಟು ಮತ್ತು ಸುಣ್ಣದ ಅಂಶದ 0.95 ಪಟ್ಟು ಕಳೆಯಬೇಕು. ಮರಳು 78, ಗೋಡು 8, ಜೇಡಿ 14, ಸಾವಯವ ಪದಾರ್ಥ 0.7, ಸುಣ್ಣ 1 ಇರುವ ಒಂದು ಮಸಾರಿ ಮಣ್ಣಿಗೆ ಲೆಕ್ಕ ಹಾಕಿದರೆ ಹಾರಬಲ್ಲ ಅಂಶ ಸುಮಾರು ಶೇ. 54 ಎಂದು ಬರುತ್ತದೆ. ಪ್ರಯೋಗಾಲಯವು ಸಾವಯವ ಇಂಗಾಲವನ್ನು ಕೊಟ್ಟಿದ್ದರೆ ಅದನ್ನು 1.72ರಿಂದ ಗುಣಿಸಿ ಸಾವಯವ ಪದಾರ್ಥಕ್ಕೆ ಪರಿವರ್ತಿಸಿಕೊಳ್ಳಬೇಕು.

ಈ ಸೂತ್ರವನ್ನು ಎರೆ ಭೂಮಿಗೆ ಬಳಸಬಾರದು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಇದು ಅಮೆರಿಕದ ಮಣ್ಣುಗಳ ಮೇಲೆ ರೂಪುಗೊಂಡದ್ದು, ಮತ್ತು ಜೇಡಿಯ ಪ್ರಮಾಣ ಸುಮಾರು ಶೇ. 40 ಮೀರಿದ ಮಣ್ಣು ಅದರ ವ್ಯಾಪ್ತಿಯ ಹೊರಗಿದೆ. ಬಳ್ಳಾರಿಯ ಕಪ್ಪು ಎರೆಯಲ್ಲಿ ಜೇಡಿ ಅದಕ್ಕಿಂತ ಹೆಚ್ಚಿರುವುದು ಸಾಮಾನ್ಯ. ಬೇಸಿಗೆಯಲ್ಲಿ ಬಿರಿದು, ಒಣಗಿ, ಮೇಲ್ಪದರ ಪುಡಿಪುಡಿಯಾದ ಎರೆಯ ಕಾಳುಗಳು ನೋಡಲು ಜೇಡಿಯಾದರೂ ಗಾಳಿಯ ಮುಂದೆ ಮರಳಿನಂತೆಯೇ ವರ್ತಿಸಬಲ್ಲವು. ಎರೆ ಹೊಲಕ್ಕೆ ಜರಡಿಯೊಂದೇ ದಾರಿ.

ಹೊದಿಕೆ ಮತ್ತು ಒರಟುತನ

ಮಣ್ಣಿನ ಗುಣ ಬದಲಾಗಲು ವರ್ಷಗಳು ಬೇಕು, ಹೊದಿಕೆ ಒಂದೇ ದಿನದಲ್ಲಿ ಬದಲಾಗುತ್ತದೆ. ಈ ಸೀಮೆಯ ಮುಖ್ಯ ಬೆಳೆ ಶೇಂಗಾ. ಅದನ್ನು ಬುಡಸಮೇತ ಕಿತ್ತು, ಕಾಯಿ ಬಿಡಿಸಿ, ಹೊಟ್ಟನ್ನು ಮೇವಿಗೆ ಬಣವೆ ಹಾಕುವುದರಿಂದ ಹೊಲದಲ್ಲಿ ಕೂಳೆ ಎಂಬುದೇ ಉಳಿಯುವುದಿಲ್ಲ. ಕೀಳುವಾಗ ನೆಲವೂ ಸಡಿಲವಾಗುತ್ತದೆ. ಜೋಳ, ಸಜ್ಜೆ, ತೊಗರಿ ಬೆಳೆದ ಹೊಲದಲ್ಲಿ ಕೂಳೆಯಾದರೂ ನಿಂತಿರುತ್ತದೆ. ಹಾಗಾಗಿ ಒಂದೇ ಮಣ್ಣಿನ ಎರಡು ಹೊಲಗಳ ಅಪಾಯ ಹಿಂದಿನ ವರ್ಷದ ಬೆಳೆಯಿಂದಲೇ ಬೇರೆಯಾಗಬಹುದು.

ಹೊದಿಕೆ ಅಳೆಯಲು 15 ಮೀಟರ್ ಹಗ್ಗಕ್ಕೆ 15 ಸೆಂಟಿಮೀಟರಿಗೊಂದರಂತೆ 100 ಗಂಟು ಹಾಕಿ, ಬೆಳೆಸಾಲಿಗೆ ಓರೆಯಾಗಿ ಹೊಲದಲ್ಲಿ ಎಳೆದು ಹಿಡಿಯಬೇಕು. ಯಾವ ಗಂಟುಗಳ ಕೆಳಗೆ ಕೂಳೆ, ಎಲೆ, ಕಡ್ಡಿ ಅಥವಾ ಕಲ್ಲು ಇದೆಯೋ ಅವುಗಳ ಎಣಿಕೆಯೇ ಹೊದಿಕೆಯ ಶೇಕಡಾ ಪ್ರಮಾಣ. ನೇರವಾಗಿ ಮೇಲಿನಿಂದ ನೋಡಿ ಎಣಿಸಬೇಕು. ಓರೆಯಾಗಿ ನೋಡಿದರೆ ಹೊದಿಕೆ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಒಂದು ಹೊಲದಲ್ಲಿ ಕನಿಷ್ಠ ಮೂರು ಕಡೆ ಹೀಗೆ ಎಣಿಸಿ ಸರಾಸರಿ ತೆಗೆಯಿರಿ. ನೆಲಕ್ಕೆ ಒರಗಿದ ಹೊದಿಕೆಯಿಂದ ಸವಕಳಿ ಎಷ್ಟು ತಗ್ಗುತ್ತದೆ ಎಂಬ ಪ್ರಯೋಗಗಳ ಲೆಕ್ಕದಂತೆ, ಬೋಳು ನೆಲದ ನಷ್ಟ 100 ಎಂದಿಟ್ಟುಕೊಂಡರೆ ಶೇ. 10ರ ಹೊದಿಕೆಯಲ್ಲಿ ಅದು ಸುಮಾರು 65ಕ್ಕೂ, ಶೇ. 30ರಲ್ಲಿ 27ಕ್ಕೂ, ಶೇ. 50ರಲ್ಲಿ 11ಕ್ಕೂ ಇಳಿಯುತ್ತದೆ. ನೆಟ್ಟಗೆ ನಿಂತ ಕೂಳೆ ಅಷ್ಟೇ ಪ್ರಮಾಣದ ಒರಗಿದ ಹೊದಿಕೆಗಿಂತ ಹೆಚ್ಚು ಕಾಪಾಡುತ್ತದೆ.

ಒರಟುತನಕ್ಕೆ ಒಂದು ಮೀಟರ್ ಉದ್ದದ ಸಣ್ಣ ಕೊಂಡಿಗಳ ಸರಪಳಿ ಸಾಕು. ಅದನ್ನು ಗಾಳಿಯ ದಿಕ್ಕಿಗೆ ನೆಲದ ಏರುತಗ್ಗುಗಳನ್ನು ಅನುಸರಿಸಿ ಹಾಸಿ, ಎರಡು ತುದಿಗಳ ನಡುವಿನ ನೇರ ದೂರ ಅಳೆಯಬೇಕು. ಸಪಾಟು ನೆಲದಲ್ಲಿ ಅದು 99 ಸೆಂಟಿಮೀಟರ್ ಇದ್ದರೆ ಹೆಂಟೆ ಮತ್ತು ಸಾಲುಗಳಿರುವ ಹೊಲದಲ್ಲಿ 88ಕ್ಕೆ ಇಳಿಯಬಹುದು. ಸಾಲುಗಳು ತೆಂಕಣ–ಬಡಗಣವಾಗಿದ್ದು ಪಡುವಣ ಗಾಳಿಗೆ ಅಡ್ಡವಾಗಿದ್ದರೆ ಲಾಭ. ಗಾಳಿಯ ದಿಕ್ಕಿನಲ್ಲೇ ಇದ್ದರೆ ಅವು ಗಾಳಿಗೆ ಓಣಿಗಳಾಗುತ್ತವೆ. ಮಸಾರಿಯಲ್ಲಿ ಒಂದು ಜೋರು ಮಳೆಗೆ ಈ ಒರಟುತನ ಕರಗಿ ಹೋಗುವುದರಿಂದ ಅಳತೆಯ ದಿನಾಂಕವನ್ನು ತಪ್ಪದೆ ಬರೆದಿಡಬೇಕು.

ಗಾಳಿಯ ಲೆಕ್ಕ

ಇಲ್ಲಿ ಹೆಚ್ಚು ಜನ ಎಡವುವುದು ಸರಾಸರಿಯನ್ನು ನಂಬಿ. ಗಾಳಿ ಸಾಗಿಸುವ ಮಣ್ಣಿನ ಪ್ರಮಾಣ ಹೆಚ್ಚು ಕಡಿಮೆ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ, ಮತ್ತು ಒಂದು ಮಿತಿ ದಾಟುವವರೆಗೆ ಏನೂ ಸಾಗುವುದಿಲ್ಲ. ಸಡಿಲವಾದ ಒಣ ಮಣ್ಣಿಗೆ ನೆಲದಿಂದ 2 ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 5 ಮೀಟರ್, ಅಂದರೆ ಗಂಟೆಗೆ 18 ಕಿ.ಮೀ., ಎಂಬುದು ರೂಢಿಯಲ್ಲಿರುವ ಮಿತಿ. ಪ್ರತಿ ಗಂಟೆಯ ವೇಗದಿಂದ 5 ಕಳೆದು, ಉಳಿದದ್ದನ್ನು ವರ್ಗ ಮಾಡಿ, ಮತ್ತೆ ವೇಗದಿಂದ ಗುಣಿಸಿದರೆ ಆ ಗಂಟೆಯ ಗಾಳಿಯ ಬಲಾಂಕ ಸಿಗುತ್ತದೆ. ವೇಗ 6 ಇದ್ದಾಗ ಬಲಾಂಕ 6. ವೇಗ 8 ಆದಾಗ 72. ವೇಗ 10 ಆದಾಗ 250. ಮಧ್ಯಾಹ್ನ ಎರಡು ಗಂಟೆಗಳ ಕಾಲ 10ರ ವೇಗದಲ್ಲಿ ಬೀಸಿ ರಾತ್ರಿಯೆಲ್ಲ ತಣ್ಣಗಿದ್ದ ದಿನದ ಸರಾಸರಿ 4ರ ಆಸುಪಾಸು ಬಂದು ನಿರಪಾಯವೆಂದು ತೋರಬಹುದು. ಆದ್ದರಿಂದ ಗಂಟೆವಾರು, ಸಾಧ್ಯವಾದರೆ ಹದಿನೈದು ನಿಮಿಷಕ್ಕೊಮ್ಮೆ ದಾಖಲಾದ ಅಂಕಿಗಳೇ ಬೇಕು.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿ ಮಟ್ಟದಲ್ಲಿ ಸ್ವಯಂಚಾಲಿತ ಹವಾಮಾನ ಕೇಂದ್ರಗಳನ್ನು ನಡೆಸುತ್ತಿದೆ. ಅಂಕಿ ಕೋರುವಾಗ ವೇಗಮಾಪಕ ಯಾವ ಎತ್ತರದಲ್ಲಿದೆ ಎಂದು ಕೇಳಿ ತಿಳಿಯಬೇಕು. 10 ಮೀಟರ್ ಎತ್ತರದ ಅಂಕಿಯಾದರೆ ಬಯಲು ಹೊಲದಲ್ಲಿ ಅದರ ಸುಮಾರು ಮುಕ್ಕಾಲು ಪಾಲು 2 ಮೀಟರ್ ಎತ್ತರದ ವೇಗವೆಂದು ತೆಗೆದುಕೊಳ್ಳಬಹುದು. ಯುರೋಪಿನ ಹವಾಮಾನ ಸಂಸ್ಥೆಯ ಇಆರ್‌ಎ5 ದತ್ತಾಂಶ ಗಂಟೆವಾರು ಉಚಿತವಾಗಿ ಸಿಗುತ್ತದೆ, ಆದರೆ ಅದರ ಒಂದು ಚೌಕ ಸುಮಾರು 31 ಕಿ.ಮೀ. ಅಗಲದ್ದು. ಸ್ಥಳೀಯ ಕೇಂದ್ರದ ಒಂದು ಹಂಗಾಮಿನ ಅಂಕಿಗಳೊಂದಿಗೆ ಹೋಲಿಸಿ ಸರಿಪಡಿಸಿಕೊಳ್ಳದೆ ಅದನ್ನು ಬಳಸುವುದು ಸರಿಯಲ್ಲ. ಮಳೆ ಬಿದ್ದು ಮೇಲ್ಪದರ ಹಸಿಯಾಗಿರುವ ಗಂಟೆಗಳನ್ನು ಲೆಕ್ಕದಿಂದ ಬಿಡಬೇಕು. ಮಸಾರಿಯ ಮೇಲ್ಪದರ ಗಾಳಿಗೆ ಒಂದೇ ದಿನದಲ್ಲಿ ಒಣಗಬಲ್ಲದು, ಹಾಗಾಗಿ ಒಂದು ತುಂತುರು ಮಳೆಗೆ ಇಡೀ ವಾರವನ್ನು ಬಿಟ್ಟುಬಿಡುವಂತಿಲ್ಲ. ಉಳಿದ ಬಲಾಂಕಗಳನ್ನು ಹದಿನೈದು ದಿನಗಳಿಗೊಮ್ಮೆ ಕೂಡಿಸಿ, ವರ್ಷದ ಅತಿ ಹೆಚ್ಚಿನ ಪಕ್ಷಕ್ಕೆ 1 ಎಂದಿಟ್ಟು ಉಳಿದವನ್ನು ಅದರ ಪಾಲಾಗಿ ಬರೆಯಿರಿ. ಮೃಗಶಿರಾ, ಆರಿದ್ರಾ ಎಂದು ಮಳೆ ನಕ್ಷತ್ರಗಳ ಲೆಕ್ಕದಲ್ಲಿ ವಿಂಗಡಿಸಿದರೂ ಅವಧಿ ಹೆಚ್ಚು ಕಡಿಮೆ ಅಷ್ಟೇ ಆಗುತ್ತದೆ, ರೈತರಿಗೆ ಕೂಡಲೇ ಅರ್ಥವೂ ಆಗುತ್ತದೆ.

ಉಪಗ್ರಹದ ನೆರವು, ಮರಸಾಲಿನ ನೆರಳು

ಯುರೋಪಿನ ಸೆಂಟಿನೆಲ್–2 ಉಪಗ್ರಹಗಳ ಚಿತ್ರಗಳು ಉಚಿತ. ಹಸಿರನ್ನು ಅಳೆಯುವ ಎನ್‌ಡಿವಿಐ ಸೂಚ್ಯಂಕ ಬೆಳೆ ಎದ್ದ ಮೇಲೆ ಉಪಯೋಗಕ್ಕೆ ಬರುತ್ತದೆ, ಆದರೆ ಒಣ ಕೂಳೆಗೂ ಬೋಳು ಮಣ್ಣಿಗೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯುವುದಿಲ್ಲ. ಇದಕ್ಕೆ ಆ ಚಿತ್ರಗಳ 11 ಮತ್ತು 12ನೇ ಬೆಳಕಿನ ಪಟ್ಟಿಗಳ (ಬ್ಯಾಂಡ್‌ಗಳ) ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ ಬರುವ ಸೂಚ್ಯಂಕ ಹೆಚ್ಚು ಸೂಕ್ತ. ಹಗ್ಗದ ಗಂಟುಗಳ ಎಣಿಕೆಯೊಂದಿಗೆ ಅದನ್ನು ಹೊಂದಿಸಿಕೊಂಡರೆ ಊರಿನ ಎಲ್ಲ ಹೊಲಗಳಿಗೂ ಹೊದಿಕೆಯ ಅಂದಾಜು ಸಿಗುತ್ತದೆ. ಜೂನ್, ಜುಲೈನಲ್ಲಿ ಮೋಡ ಕವಿದಿರುವುದರಿಂದ ಮೇ ತಿಂಗಳ ಚಿತ್ರವನ್ನು ಆಧಾರವಾಗಿಟ್ಟು, ಅನಂತರ ಯಾವ ಹೊಲ ಯಾವಾಗ ಹರಗಿದೆ ಎಂಬುದನ್ನು ರೈತರನ್ನೇ ಕೇಳಿ ತಿದ್ದುವುದು ಒಳ್ಳೆಯದು.

ಬೇಲಿಸಾಲು, ಹೊಂಗೆ ಅಥವಾ ಜಾಲಿಯ ಮರಸಾಲುಗಳನ್ನು ನಕ್ಷೆಯ ಮೇಲೆ ಗೆರೆಯಾಗಿ ಗುರುತಿಸಿ, ಎತ್ತರದ ಹತ್ತು ಪಟ್ಟು ದೂರದವರೆಗೆ ಅವುಗಳ ಮೂಡಣಕ್ಕೆ ಆಶ್ರಯದ ಪಟ್ಟಿ ಎಳೆಯಬೇಕು. ಆರು ಮೀಟರ್ ಎತ್ತರದ ಸಾಲಿಗೆ 60 ಮೀಟರ್. ಸಾಲಿನಲ್ಲಿ ಕಂಡಿಗಳಿದ್ದರೆ ಅಲ್ಲಿ ಗಾಳಿ ಇನ್ನಷ್ಟು ರಭಸದಿಂದ ನುಗ್ಗುವುದರಿಂದ ಆ ಭಾಗವನ್ನು ಆಶ್ರಯವೆಂದು ತೋರಿಸಬಾರದು. ಯಾವ ತಡೆಯೂ ಇಲ್ಲದೆ ಗಾಳಿ ಎಷ್ಟು ದೂರ ಓಡಿ ಬರುತ್ತದೋ ಅಷ್ಟು ಮಣ್ಣಿನ ಹರಿವು ಬೆಳೆಯುತ್ತದೆ. ಬದುಗಳನ್ನು ಕಿತ್ತು ಒಂದಾಗಿಸಿದ ದೊಡ್ಡ ತಾಕುಗಳನ್ನು ಈ ಕಾರಣಕ್ಕೆ ವಿಶೇಷವಾಗಿ ಗಮನಿಸಬೇಕು.

ಎಲ್ಲವನ್ನೂ ಜೋಡಿಸುವುದು

ಮಣ್ಣಿಗಿಷ್ಟು ಅಂಕ, ಗಾಳಿಗಿಷ್ಟು ಅಂಕ, ಹೊದಿಕೆಗಿಷ್ಟು ಅಂಕ ಎಂದು ಕೊಟ್ಟು ಕೂಡಿಸುವ ಪದ್ಧತಿ ಹಲವು ವರದಿಗಳಲ್ಲಿ ಕಾಣುತ್ತದೆ. ಗಾಳಿ ಸವಕಳಿಗೆ ಇದು ಹೊಂದುವುದಿಲ್ಲ. ಹೊಲ ಪೂರ್ತಿ ಹುಲ್ಲಿನಿಂದ ಮುಚ್ಚಿದ್ದರೆ ಮಣ್ಣು ಎಷ್ಟೇ ಮರಳಾಗಿದ್ದರೂ ಅಪಾಯ ಸೊನ್ನೆಗೆ ಹತ್ತಿರವಿರಬೇಕು. ಕೂಡಿಸಿದರೆ ಅದು ಮಧ್ಯಮ ಎಂದು ಬರುತ್ತದೆ. ಆದ್ದರಿಂದ ಗುಣಿಸಬೇಕು. ಶೇ. 54 ಹಾರಬಲ್ಲ ಅಂಶವಿರುವ ಮಸಾರಿಯ ಎರಡು ಹೊಲಗಳನ್ನು ತೆಗೆದುಕೊಳ್ಳೋಣ. ಶೇಂಗಾ ಕಿತ್ತ ಹೊಲದಲ್ಲಿ ಹೊದಿಕೆ ಶೇ. 4, ಅದರ ಗುಣಕ (ಬೋಳು ನೆಲದ ನಷ್ಟದಲ್ಲಿ ಉಳಿಯುವ ಪಾಲು) 0.84, ಜೋಳದ ಕೂಳೆ ಬಿಟ್ಟ ಹೊಲದಲ್ಲಿ ಹೊದಿಕೆ ಶೇ. 35, ಗುಣಕ 0.22. ಗಾಳಿಯ ಪಾಲು 1 ಇರುವ ಪಕ್ಷದಲ್ಲಿ ಮೊದಲನೆಯದರ ಅಪಾಯಾಂಕ 0.45, ಎರಡನೆಯದರದ್ದು 0.12. ಮಣ್ಣು ಅದೇ, ಗಾಳಿ ಅದೇ, ಅಪಾಯ ಸುಮಾರು ನಾಲ್ಕು ಪಟ್ಟು ಬೇರೆ. ಒರಟುತನ ಮತ್ತು ಆಶ್ರಯಕ್ಕೂ 0ರಿಂದ 1ರ ಒಳಗಿನ ಗುಣಕಗಳನ್ನು ಹೀಗೆಯೇ ಸೇರಿಸಿ, ಮೇ ಎರಡನೆಯ ಪಕ್ಷದಿಂದ ಆಗಸ್ಟ್ ಕೊನೆಯವರೆಗೆ ಪ್ರತಿ ಪಕ್ಷಕ್ಕೂ ಒಂದೊಂದು ನಕ್ಷೆ ಮಾಡಬೇಕು. ಬಣ್ಣದ ಮಿತಿಗಳು ಎಲ್ಲ ನಕ್ಷೆಗಳಲ್ಲೂ ಒಂದೇ ಇರಬೇಕು, ಇಲ್ಲದಿದ್ದರೆ ಪಕ್ಷದಿಂದ ಪಕ್ಷಕ್ಕೆ ಹೋಲಿಸಲಾಗುವುದಿಲ್ಲ.

ಹಗರಿಯ ದಂಡೆಯ ಊರುಗಳಿಗೆ ಮತ್ತೊಂದು ಪದರ ಅಗತ್ಯ. ಆಂಧ್ರದ ಅನಂತಪುರ ಜಿಲ್ಲೆಯ ಕಣೇಕಲ್ಲು, ಬೊಮ್ಮನಹಾಳ್ ಭಾಗದಲ್ಲಿ ನದೀಪಾತ್ರದ ಮರಳು ಪಡುವಣ ಗಾಳಿಗೆ ಎದ್ದು ದಿಬ್ಬಗಳಾಗಿ ಹೊಲಗಳ ಮೇಲೆ ಏರಿದೆ. ಕಾವೇರಿಯ ಮರಳಿನಲ್ಲಿ ಹೂತ ತಲಕಾಡಿನ ದೇವಾಲಯಗಳನ್ನು ಕಂಡವರಿಗೆ ಇದರ ಗಂಭೀರತೆಯನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಹೊಲ ಮಣ್ಣು ಕಳೆದುಕೊಳ್ಳುವುದಲ್ಲ, ಬೇಡದ ಮರಳನ್ನು ಪಡೆಯುವುದು ಅಪಾಯ. ಒಣಗಿದ ನದೀಪಾತ್ರವನ್ನು ಮೂಲವೆಂದು ಗುರುತಿಸಿ, ಪ್ರಧಾನ ಗಾಳಿಯ ದಿಕ್ಕಿಗೆ ಬಾಣ ಹಾಕಿ, ದಿಬ್ಬದ ಅಂಚನ್ನು ಪ್ರತಿವರ್ಷದ ಉಪಗ್ರಹ ಚಿತ್ರದಿಂದ ಗೆರೆ ಎಳೆದು, ಬೇರೆಯದೇ ಬಣ್ಣದಲ್ಲಿ ತೋರಿಸಬೇಕು.

ನಕ್ಷೆ ನಿಜವೇ ಎಂದು ನೋಡುವುದು

ನೆಲಕ್ಕೆ ಮೊಳೆ ಹೊಡೆದು ಎಷ್ಟು ಮೇಲೆದ್ದಿದೆ ಎಂದು ಅಳೆಯುವುದು ಸುಲಭ, ಆದರೆ ಅದಕ್ಕೊಂದು ಮಿತಿಯಿದೆ. ಒಂದು ಹೆಕ್ಟೇರಿನಲ್ಲಿ ಒಂದೇ ಮಿಲಿಮೀಟರ್ ಪದರ ಹೋದರೂ ಅದು 10 ಘನ ಮೀಟರ್ ಮಣ್ಣು, ತೂಕದಲ್ಲಿ ಸುಮಾರು 15 ಟನ್. ಎಕರೆಗೆ 6 ಟನ್. ಅಷ್ಟೊಂದು ನಷ್ಟವನ್ನೂ ಮೊಳೆಯ ಅಳತೆಯಲ್ಲಿ ನಂಬಿಕೆಯಿಂದ ಓದಲಾಗದು. ಹೆಚ್ಚು ನಂಬಬಹುದಾದದ್ದು ಮಣ್ಣು ಹಿಡಿಯುವ ಬಲೆ: ಗಾಳಿಗೆ ಮುಖಮಾಡಿ ತಿರುಗುವ, ಮುಂದೆ ಕಿರಿದಾದ ಬಾಯಿ, ಮೇಲೆ ಗಾಳಿ ಹೊರಹೋಗಲು ಸಣ್ಣ ಕಣ್ಣಿನ ಜಾಲರಿ ಇರುವ ತಗಡಿನ ಡಬ್ಬಿಗಳನ್ನು ಒಂದೇ ಕಂಬಕ್ಕೆ ಬೇರೆ ಬೇರೆ ಎತ್ತರದಲ್ಲಿ ಕಟ್ಟಬೇಕು. ಅತಿ ಕೆಳಗಿನದು ನೆಲದಿಂದ ಹತ್ತು ಸೆಂಟಿಮೀಟರಿನೊಳಗೆ ಇರಲಿ, ಕುಪ್ಪಳಿಸುವ ಕಣಗಳ ಹೆಚ್ಚಿನ ಪಾಲು ನೆಲಕ್ಕೆ ಹತ್ತಿರದಲ್ಲೇ ಸಾಗುತ್ತದೆ. ಕೆಂಪು ಬಣ್ಣ ಬಂದ ಮೂರು ಹೊಲ, ಹಸಿರು ಬಣ್ಣ ಬಂದ ಮೂರು ಹೊಲಗಳ ಮೂಡಣದ ಅಂಚಿನಲ್ಲಿ ಇವನ್ನು ನಿಲ್ಲಿಸಿ, ವಾರಕ್ಕೊಮ್ಮೆ ಬಿದ್ದ ಮಣ್ಣನ್ನು ತೂಗಿ, ನಕ್ಷೆಯ ಕ್ರಮವೂ ತೂಕದ ಕ್ರಮವೂ ಹೊಂದುತ್ತವೆಯೇ ನೋಡಬೇಕು. ಹೊಂದದಿದ್ದಲ್ಲಿ ಮೊದಲು ಅನುಮಾನಿಸಬೇಕಾದದ್ದು ಹೊದಿಕೆಯ ಅಂಕಿಯನ್ನು, ಏಕೆಂದರೆ ಕುರಿಮಂದೆ ಒಂದು ರಾತ್ರಿ ತಂಗಿ ಹೋದರೂ ಅದು ಬದಲಾಗಿರುತ್ತದೆ.

ಹೀಗೆ ಸಿದ್ಧವಾದ ನಕ್ಷೆಗಳನ್ನು ಮುಂದಿನ ಏಪ್ರಿಲ್ ಮುಗಿಯುವುದರೊಳಗೆ, ಅಂದರೆ ಕೂಳೆ ಕಿತ್ತು ಹೊಲ ಹಸನು ಮಾಡುವ ಮೊದಲು, ಪಂಚಾಯಿತಿ ಕಚೇರಿಯಲ್ಲಿ ಹಾಕಬೇಕು. ಪ್ರತಿ ನಕ್ಷೆಯ ಮೇಲೂ ಅದು ಅನ್ವಯಿಸುವ ದಿನಾಂಕಗಳು, ಹೊದಿಕೆ ಅಳೆದ ದಿನ ಮತ್ತು ಗಾಳಿಯ ಅಂಕಿಗಳು ಯಾವ ವರ್ಷಗಳವು ಎಂಬುದನ್ನು ದೊಡ್ಡ ಅಕ್ಷರಗಳಲ್ಲಿ ಬರೆದಿರಬೇಕು. ಬೆಳೆ ಬದಲಾದ ಹೊಲಗಳಿಗೆ ಮುಂದಿನ ವರ್ಷ ಹೊದಿಕೆಯ ಪದರವನ್ನಷ್ಟೇ ಹೊಸದಾಗಿ ಅಳೆದು ಸೇರಿಸಿದರೆ ಸಾಕು. ಮಣ್ಣಿನ ಪದರ ಹಲವು ವರ್ಷ ಹಾಗೆಯೇ ನಡೆಯುತ್ತದೆ.